ಯಾರೂ ಮುಟ್ಟದ ಪುಟವನ್ನು ಅಳಿಸಬೇಕೆ?

ಕುಮಟಾ ಸೀಮೆಯ ಓದುಗರೊಬ್ಬರು, ನಿವೃತ್ತ ಅಧ್ಯಾಪಕಿ, ನಮಗೊಂದು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸುವುದು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಅವರು ಹಲವು ವರ್ಷಗಳಿಂದ ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತಿದ್ದಾರೆ. ಕಗ್ಗ ಭತ್ತದ ಬಗ್ಗೆ ಹಿಂದೆ ಬರೆದಿಟ್ಟಿದ್ದ ಮೂರು ಸಾಲಿನ ಪುಟಕ್ಕೆ ಈಗ ಯುವ ಸಂಪಾದಕರೊಬ್ಬರು ‘ಅಳಿಸಿ’ ಎಂಬ ಟೆಂಪ್ಲೇಟು, ಅಂದರೆ ಪುಟದ ತಲೆಯ ಮೇಲೆ ಅಂಟಿಸುವ ಸೂಚನೆ, ಹಚ್ಚಿದ್ದಾರೆ. ಉಲ್ಲೇಖವಿಲ್ಲ, ವರ್ಷಗಳಿಂದ ಯಾರೂ ತಿದ್ದಿಲ್ಲ, ಓದುವವರೂ ಇಲ್ಲ ಎಂಬುದು ಅವರ ವಾದ. ಇಂಥ ಚುಟುಕು ಪುಟಗಳಿಂದ ಕನ್ನಡ ವಿಕಿಪೀಡಿಯದ ಮರ್ಯಾದೆ ಹೋಗುತ್ತಿದೆ, ಎಲ್ಲವನ್ನೂ ಒಟ್ಟಿಗೆ ತೆಗೆದುಬಿಡೋಣ ಎನ್ನುತ್ತಾರಂತೆ. ‘ನನ್ನ ಪುಟ ಎಂಬ ಮೋಹ ನನಗಿಲ್ಲ. ಆದರೆ ಅಭಿಪ್ರಾಯ ಹೇಳುವ ಮೊದಲು ಏನನ್ನು ನೋಡಬೇಕು? ನೀವು ದಿನವೂ ಬರಹಗಳನ್ನು ಕತ್ತರಿಸುವವರು, ನೀವೇ ಹೇಳಿ’ ಎಂದು ಕೇಳಿದ್ದಾರೆ.

ಮಾನ್ಯರೆ,

ಪತ್ರಿಕೆಯಲ್ಲಿ ನಾವು ಕತ್ತರಿಸುವುದು ಜಾಗ ಸಾಲದ್ದಕ್ಕೆ. ಫಾರಂ ಇಷ್ಟೇ, ಕಾಗದ ಇಷ್ಟೇ ಎಂದಮೇಲೆ ಒಳ್ಳೆಯ ಬರಹವನ್ನೂ ಮುಂದಿನ ತಿಂಗಳಿಗೆ ತಳ್ಳಬೇಕಾಗುತ್ತದೆ. ವಿಕಿಪೀಡಿಯಕ್ಕೆ ಆ ಕಷ್ಟವಿಲ್ಲ. ಅಲ್ಲಿ ಅಳಿಸಿದ ಪುಟ ಕೂಡ ನಿಜವಾಗಿ ಅಳಿಯುವುದಿಲ್ಲ. ಓದುಗರ ಕಣ್ಣಿಗೆ ಮರೆಯಾಗಿ ದತ್ತಸಂಚಯದಲ್ಲೇ ಉಳಿದಿರುತ್ತದೆ. ನಿರ್ವಾಹಕರು ಬೇಕೆಂದಾಗ ಅದನ್ನು ನೋಡಬಹುದು, ಮರಳಿ ತರಲೂಬಹುದು. ಹಾಗಾಗಿ ಅಳಿಸಿದರೆ ಜಾಗ ಉಳಿಯುತ್ತದೆ ಎಂಬ ಮಾತಿಗೆ ಅರ್ಥವಿಲ್ಲ. ಅಲ್ಲಿ ಕೊರತೆ ಇರುವುದು ಜನರದ್ದು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಈಗ ಲೇಖನಗಳು 30 ಸಾವಿರ ದಾಟಿವೆ. ಬಿಡದೆ ಬಂದು ಅವನ್ನು ನೋಡಿಕೊಳ್ಳುವವರು ತೀರ ಕಡಿಮೆ. ನಿಮ್ಮ ಪುಟಕ್ಕೆ ಟೆಂಪ್ಲೇಟು ಹಚ್ಚಿದ ಯುವಕ ಆ ಕೆಲವರಲ್ಲಿ ಒಬ್ಬರು. ಅವರ ಸಿಟ್ಟು ಹುಟ್ಟಿದ್ದು ಕಾಳಜಿಯಿಂದ ಎಂದು ನಾನು ಪೂರ್ತಿ ನಂಬುತ್ತೇನೆ.

ಆದರೂ ಅವರು ಕೊಟ್ಟ ಮೂರು ಕಾರಣಗಳಲ್ಲಿ ಎರಡನ್ನು ನಾನು ಒಪ್ಪಲಾರೆ. ಯಾರೂ ತಿದ್ದಿಲ್ಲ ಎಂದರೆ ತಿದ್ದುವಂಥದ್ದು ಅಲ್ಲಿ ಇರಲಿಲ್ಲ ಎಂದೂ ಆಗಬಹುದು. ಓದುವವರು ಕಡಿಮೆ ಎಂಬುದು ವಿಶ್ವಕೋಶಕ್ಕೆ ಹಚ್ಚುವ ಅಳತೆಯೇ ಅಲ್ಲ. ಎಂದಾದರೊಮ್ಮೆ ಒಬ್ಬರಿಗೆ ಬೇಕಾದೀತು ಎಂದೇ ಅದನ್ನು ಬರೆದಿಡುವುದು. ಮೂರನೆಯ ಕಾರಣ, ಉಲ್ಲೇಖವಿಲ್ಲ ಎಂಬುದು, ಗಟ್ಟಿಯಾದದ್ದು. ನೀವು ಅದಕ್ಕೆ ಉತ್ತರ ಕೊಡಲೇಬೇಕು. ನಾನು ಒಂದು ಪುಟವನ್ನು ತೂಗುವುದಾದರೆ ಕೇಳುವುದು ಇಷ್ಟೇ: ಇಲ್ಲಿ ಬರೆದದ್ದನ್ನು ಬರೆದವರನ್ನು ಬಿಟ್ಟು ಬೇರೊಬ್ಬರು ಎಲ್ಲಾದರೂ ತೆರೆದು ಸರಿಯೋ ತಪ್ಪೋ ಎಂದು ನೋಡಬಹುದೇ? ನೋಡಬಹುದು ಎಂದಾದರೆ ಅದು ಮೂರೇ ಸಾಲಿದ್ದರೂ ಉಳಿಯಲಿ. ಸಾಧ್ಯವೇ ಇಲ್ಲ ಎಂದಾದರೆ ಮೂವತ್ತು ಪುಟವಿದ್ದರೂ ಹೋಗಲಿ.

ನಿಮ್ಮ ಕಗ್ಗಕ್ಕೇ ಬರೋಣ. ಕರಾವಳಿಯ ಹೊರಗಿನ ಓದುಗರಿಗಾಗಿ ಎರಡು ಮಾತು: ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ, ಉಬ್ಬರದ ನೀರು ಒಳನುಗ್ಗುವ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಅಲ್ಲಿನ ಉಪ್ಪನ್ನು ತಾಳಿಕೊಂಡು, ಮಳೆಗಾಲದ ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಕೊಳೆಯದೆ ನಿಲ್ಲುವ ಭತ್ತ ಕಗ್ಗ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಮಾಣಿಕಟ್ಟಾ ಸುತ್ತಮುತ್ತ ಇದು ಊರವರೆಲ್ಲ ಕೂಡಿ ಮಾಡುವ ಬೇಸಾಯ. ಇದೇ ಬಗೆಯ ಕೇರಳದ ಪೊಕ್ಕಾಳಿ ಭತ್ತಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ, ಇಂಗ್ಲಿಷಿನಲ್ಲೂ ಅದರ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಸೇರಿದ್ದೂ ಆಗಲೇ. ಆ ಸುದ್ದಿ ಓದಿದ ಒಬ್ಬ ವಿದ್ಯಾರ್ಥಿ ಅಳಿವೆಯ ಪುಟದಿಂದ ಗಜನಿಗೆ, ಗಜನಿಯಿಂದ ಕಗ್ಗಕ್ಕೆ ಬಂದರೆ ಅವನಿಗೆ ನಿಮ್ಮ ಮೂರು ಸಾಲೇ ಆಧಾರ.

ಇಲ್ಲಿಯೇ ನನ್ನ ಮುಖ್ಯ ಮಾತು ಇರುವುದು. ಫುಟ್‌ಬಾಲ್ ವಿಶ್ವಕಪ್ಪಿನ ಬಗ್ಗೆಯೋ ಹಾಲಿವುಡ್ ನಟರ ಬಗ್ಗೆಯೋ ಕನ್ನಡದಲ್ಲಿ ಪುಟವಿಲ್ಲದಿದ್ದರೆ ಓದುಗರಿಗೆ ಇನ್ನೊಂದು ದಾರಿ ಇದೆ. ಕಗ್ಗ, ಹಾಲಕ್ಕಿಗಳ ಸುಗ್ಗಿ ಕುಣಿತ, ಒಂದು ಊರಿನ ಮಾರಿಜಾತ್ರೆಯ ಕ್ರಮ, ಒಂದು ಹುಲ್ಲಿಗೆ ಬಯಲುಸೀಮೆಯವರು ಕರೆಯುವ ಹೆಸರು, ಇವನ್ನು ಕನ್ನಡದಲ್ಲಿ ಬರೆದಿಡದಿದ್ದರೆ ಬೇರೆ ಯಾವ ಭಾಷೆಯಲ್ಲಿ ಬರೆದಿಡುತ್ತಾರೆ? ಕನ್ನಡದ ವಿಶ್ವಕೋಶದಲ್ಲಿ ಇಂಥವಕ್ಕೆ ಮೊದಲ ಹಕ್ಕು. ‘ತೀರ ಸಣ್ಣ ವಿಷಯ’ ಎಂಬ ಮಾತನ್ನು ಇಂಥ ಪುಟಗಳ ಮೇಲೆ ಹೇರಿದಾಗ ನನಗೆ ನಿಜವಾಗಿ ನೋವಾಗುತ್ತದೆ.

ಉಲ್ಲೇಖದ ಪ್ರಶ್ನೆಗೆ ಬಂದರೆ, ಗೂಗಲಿನಲ್ಲಿ ಒಮ್ಮೆ ಹುಡುಕಿ ಏನೂ ಸಿಗಲಿಲ್ಲ ಎಂದು ತೀರ್ಪು ಕೊಡುವುದು ಕನ್ನಡದ ಮಟ್ಟಿಗೆ ಅನ್ಯಾಯ. ನಮ್ಮ ತಿಳಿವಳಿಕೆ ಬಹುಪಾಲು ಇರುವುದು ಮುದ್ರಣದಲ್ಲಿ: ಜಿಲ್ಲಾ ಗೆಜೆಟಿಯರುಗಳು, ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ಕೃಷಿ ವಿಶ್ವವಿದ್ಯಾಲಯಗಳ ಕೈಪಿಡಿಗಳು, ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆಯಂಥ ಮಾಸಿಕಗಳ ಹಳೆಯ ಸಂಚಿಕೆಗಳು. ಅಂತರ್ಜಾಲಕ್ಕೆ ಏರಿದವುಗಳ ಕಥೆಯೂ ಬೇರೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ನಮ್ಮ ಕಣ್ಣಿಗೆ ಅಚ್ಚ ಕನ್ನಡ. ಅದರೊಳಗಿರುವುದು ಎಲ್ಲ ಗಣಕಗಳಿಗೂ ತಿಳಿಯುವ ಯೂನಿಕೋಡ್ ಸಂಕೇತ ಅಲ್ಲವಾದ್ದರಿಂದ ಶೋಧಯಂತ್ರಕ್ಕೆ ಅದು ಅರ್ಥವಿಲ್ಲದ ಅಕ್ಷರಗಳ ಸಾಲು. ನಾವೇ ಅಚ್ಚು ಮಾಡಿದ ಎಷ್ಟೋ ಸಂಚಿಕೆಗಳ ಗತಿಯೂ ಅದೇ. ಕನ್ನಡದಲ್ಲಿ ಉಲ್ಲೇಖ ಹುಡುಕುವುದೆಂದರೆ ಗ್ರಂಥಾಲಯಕ್ಕೆ ಹೋಗುವುದು, ಗೊತ್ತಿದ್ದವರನ್ನು ಕೇಳುವುದು. ಅಷ್ಟು ಮಾಡಿಯೂ ಸಿಗದಿದ್ದರೆ ಅಳಿಸುವ ಮಾತಾಡೋಣ.

ದೊಡ್ಡ ಭಾಷೆಯಲ್ಲೂ ಈ ಅವಸರಕ್ಕೆ ಬೆಲೆ ತೆತ್ತದ್ದುಂಟು. ಕೆನಡಾದ ಭೌತವಿಜ್ಞಾನಿ ಡೋನಾ ಸ್ಟ್ರಿಕ್ಲೆಂಡ್ ಅವರ ಬಗ್ಗೆ ಯಾರೋ ಬರೆದ ಕರಡನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ 2018ರ ಮೇ ತಿಂಗಳಲ್ಲಿ ತಿರಸ್ಕರಿಸಿದರು. ಅವರು ಗಮನಾರ್ಹರು ಎನ್ನಲು ಕೊಟ್ಟ ಆಧಾರ ಸಾಲದು ಎಂಬುದು ಕಾರಣ. ಅದೇ ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಂತು. ಅವರ ಕೆಲಸವೋ, ಅದಾಗಲೇ ಮೂರು ದಶಕ ಹಳೆಯದು.

ಇಷ್ಟು ಹೇಳಿದ ಮೇಲೆ, ಆ ಯುವಕ ಸರಿಯಾಗಿರುವ ಕಡೆಗೂ ಬರಬೇಕು. ಹಳ್ಳಿಗಳ ಪುಟಗಳನ್ನೇ ತೆಗೆದುಕೊಳ್ಳಿ. ‘ಇದು ಕರ್ನಾಟಕದ ಇಂಥ ಜಿಲ್ಲೆಯ ಇಂಥ ತಾಲ್ಲೂಕಿನ ಒಂದು ಗ್ರಾಮ’ ಎಂಬ ಒಂದು ವಾಕ್ಯ, ಕೆಳಗೆ 2011ರ ಜನಗಣತಿಯ ಜನಸಂಖ್ಯೆ, ಮುಗಿಯಿತು. ರಾಜ್ಯದಲ್ಲಿ ಸುಮಾರು 29 ಸಾವಿರ ಗ್ರಾಮಗಳಿವೆ. ಒಂದೊಂದಕ್ಕೂ ಹೀಗೆ ಪುಟ ಮಾಡಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಹರಪನಹಳ್ಳಿ ತಾಲ್ಲೂಕನ್ನು ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ಬಳ್ಳಾರಿಯಿಂದ ಅತ್ತ ಹೋಯಿತು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟಿರುವ 371(ಜೆ) ವಿಧಿಯ ವಿಶೇಷ ಸೌಲಭ್ಯ ಸಿಗಲೆಂದು ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆ ತಾಲ್ಲೂಕಿನ ಪ್ರತಿ ಹಳ್ಳಿಗೂ ಒಂದು ವಾಕ್ಯದ ಪುಟವಿದ್ದರೆ, ಆ ಒಂದೇ ವಾಕ್ಯ ಪ್ರತಿ ಬಾರಿಯೂ ಸುಳ್ಳಾಗುತ್ತದೆ, ಎಲ್ಲ ಪುಟಗಳಲ್ಲೂ ಒಟ್ಟಿಗೇ. ತಿದ್ದುವವರು ಯಾರು? ಪುಟ ಪಾಳುಬಿದ್ದರೆ ಆಗುವ ನಿಜವಾದ ಹಾನಿ ಇದು. ತಾಲ್ಲೂಕಿನ ಪುಟದಲ್ಲಿ ಒಂದು ಕೋಷ್ಟಕ ಮಾಡಿ ಹಳ್ಳಿಗಳನ್ನೆಲ್ಲ ಅಲ್ಲಿ ಸೇರಿಸಿ, ಹಳ್ಳಿಯ ಹೆಸರು ಹುಡುಕಿದವರು ನೇರ ಅಲ್ಲಿಗೇ ಬರುವಂತೆ ಹಳೆಯ ಪುಟಗಳಿಂದ ಪುನರ್ನಿರ್ದೇಶನ ಕೊಟ್ಟರೆ ಜಿಲ್ಲೆ ಬದಲಾದಾಗ ಒಂದು ಕಡೆ ತಿದ್ದಿದರೆ ಸಾಕು.

ಪಟ್ಟಿಯೊಂದನ್ನೇ ನಂಬಿ ಪುಟ ಹುಟ್ಟಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇರಾನಿನ ಜನಗಣತಿಯ ಪಟ್ಟಿ ಹಿಡಿದು ಸಾವಿರಾರು ಹಳ್ಳಿಗಳಿಗೆ ಪುಟ ಮಾಡಿದ್ದರು. ವರ್ಷಗಳ ಮೇಲೆ ಪರಿಶೀಲಿಸಿದಾಗ ಅವುಗಳಲ್ಲಿ ಎಷ್ಟೋ ಹಳ್ಳಿಗಳೇ ಅಲ್ಲ, ನೀರೆತ್ತುವ ಪಂಪು, ಹೊಲದ ಮನೆ ಎಂದು ಗೊತ್ತಾಯಿತು. 2021ರಿಂದ ಈಚೆಗೆ ಅವನ್ನು ಸಾವಿರಗಟ್ಟಲೆ ತೆಗೆದರು. ನಮ್ಮ ಕಂದಾಯ ದಾಖಲೆಗಳಲ್ಲೂ ಬೇಚರಾಕ್ ಗ್ರಾಮಗಳಿವೆ. ಹೆಸರಿರುತ್ತದೆ, ಜನವಸತಿ ಇರುವುದಿಲ್ಲ. ಅಂಥ ಹಾಳೂರಿನ ಬಗ್ಗೆ ಊರು ಏಕೆ ಬರಿದಾಯಿತು ಎಂದು ಆಧಾರದೊಂದಿಗೆ ಬರೆದರೆ ನಾನೇ ಮೊದಲು ಓದುತ್ತೇನೆ. ಪಟ್ಟಿ ನೋಡಿ ‘ಒಂದು ಗ್ರಾಮ’ ಎಂದಷ್ಟೇ ಬರೆದರೆ ಅದು ತಪ್ಪು ಮಾಹಿತಿ.

ಹಾಗಾದರೆ ಯಾವ ಹಳ್ಳಿಗೆ ಸ್ವಂತ ಪುಟ ಇರಬೇಕು? ಶಾಸನವಿದ್ದರೆ ಸಾಕು ಎನ್ನುತ್ತೇನೆ ನಾನು. ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿದ್ದಾರೆ. ತಾಳಗುಂದದ ಕದಂಬರ ಸ್ತಂಭಶಾಸನ ಶಿಕಾರಿಪುರ ತಾಲ್ಲೂಕಿನ 176ನೆಯದು. ನಿಮ್ಮ ತಾಲ್ಲೂಕಿನ ಹಳ್ಳಿಗಳಿಗೆ ಆ ಸಂಪುಟಗಳು ಸಿಗವು, ಅವು ಹಳೆಯ ಮೈಸೂರು ಮತ್ತು ಕೊಡಗಿನವು. ನಿಮಗೆ 1883ರಲ್ಲಿ ಬಂದ ಬೊಂಬಾಯಿ ಪ್ರಾಂತದ ಗೆಜೆಟಿಯರಿನ ಕೆನರಾ ಸಂಪುಟವಿದೆ. ಒಂದು ವೀರಗಲ್ಲು, ಒಂದು ದಾನಪತ್ರ, ಒಂದು ಕೆರೆ ಕಟ್ಟಿಸಿದ ದಾಖಲೆ, ಇಷ್ಟಿದ್ದರೂ ಆ ಊರಿನ ಬಗ್ಗೆ ನಾಲ್ಕು ಗಟ್ಟಿ ವಾಕ್ಯ ಬರೆಯಬಹುದು. ಇವತ್ತು ಕೋಷ್ಟಕಕ್ಕೆ ಸೇರಿಸಿದ ಹಳ್ಳಿಯನ್ನು ನಾಳೆ ಆಧಾರ ಸಿಕ್ಕಾಗ ಬಿಡಿಸಿ ಬರೆಯಲು ಅಡ್ಡಿಯೇನೂ ಇಲ್ಲ.

ಇನ್ನು ನಿರ್ದಾಕ್ಷಿಣ್ಯವಾಗಿ ಅಳಿಸಬೇಕಾದ ಪುಟಗಳು. ಇವು ಪಾಳುಬಿದ್ದಂತೆ ಕಾಣುವುದೇ ಇಲ್ಲ ಎಂಬುದನ್ನು ಆ ಯುವಕರಿಗೆ ಒತ್ತಿ ಹೇಳಿ. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆ ತನ್ನ ಅನುವಾದ ಉಪಕರಣ ಬಳಸಿ, ಸಂಬಳದ ಅನುವಾದಕರಿಂದ, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ತರಿಸಿತು. ಬಂಗಾಳಿಯವರು ಇಂಥ ಲೇಖನ ಬೇಡವೆಂದರು. ತಮಿಳರು ಮಾತುಕತೆಗೆ ಕೂತು ಗುಣಮಟ್ಟದ ಷರತ್ತು ಹಾಕಿದರು. ನಮ್ಮಲ್ಲಿ ಅವು ಹಾಗೆಯೇ ಬಂದು ಕೂತವು. ಉದ್ದ ಇದೆ, ಅಡಿಟಿಪ್ಪಣಿ ಇದೆ, ಚಿತ್ರ ಇದೆ. ಓದಲು ಹೋದರೆ ಒಂದು ವಾಕ್ಯವೂ ಕನ್ನಡವಲ್ಲ. ಉದ್ದ, ಉಲ್ಲೇಖಗಳ ಸಂಖ್ಯೆ ಎಂದು ಅಳೆಯುತ್ತ ಹೋದರೆ ಅವು ಉಳಿಯುತ್ತವೆ, ನಿಮ್ಮ ಕಗ್ಗ ಹೋಗುತ್ತದೆ. ಅವುಗಳಲ್ಲಿ ಯಾರಾದರೂ ಕೂತು ತಿದ್ದಿದ್ದನ್ನು ಬಿಟ್ಟು ಉಳಿದವನ್ನು ತೆಗೆಯುವುದೇ ಸರಿ, ಅಥವಾ ಮೊದಲ ಪ್ಯಾರಾವನ್ನು ಹೊಸದಾಗಿ ಬರೆದು ಅಷ್ಟನ್ನೇ ಇಟ್ಟುಕೊಳ್ಳಲಿ.

ಇದು ಬರೀ ಅಂದಚೆಂದದ ಮಾತಲ್ಲ. ಗ್ರೀನ್‌ಲ್ಯಾಂಡಿನ ಭಾಷೆಯ ವಿಕಿಪೀಡಿಯವನ್ನು ಮುಚ್ಚುವ ತೀರ್ಮಾನ 2025ರಲ್ಲಿ ಆಯಿತು. ಮುಚ್ಚಿರಿ ಎಂದು ಕೇಳಿದವರು ಅದನ್ನು ವರ್ಷಗಟ್ಟಲೆ ನೋಡಿಕೊಂಡ ನಿರ್ವಾಹಕರೇ. ಭಾಷೆ ಬಾರದವರು ಯಂತ್ರಾನುವಾದ ತಂದು ಸುರಿದಿದ್ದರು. ಆ ಪುಟಗಳನ್ನೇ ಓದಿ ಯಂತ್ರಗಳು ಭಾಷೆ ಕಲಿಯುವುದರಿಂದ ತಪ್ಪು ತಪ್ಪನ್ನೇ ಹಡೆಯುತ್ತಿತ್ತು. ಕನ್ನಡದ ಯಂತ್ರಗಳೂ ವಿಕಿಪೀಡಿಯವನ್ನು ಓದಿಯೇ ಕನ್ನಡ ಕಲಿಯುತ್ತಿವೆ. ಸರಿಯಾದ ಕನ್ನಡದ ಮೂರು ಸಾಲು ಅವಕ್ಕೂ ಒಳ್ಳೆಯದೇ.

ಬದುಕಿರುವ ವ್ಯಕ್ತಿಗಳ ಬಗ್ಗೆ ಆಧಾರವಿಲ್ಲದ ಪುಟಗಳ ವಿಷಯದಲ್ಲಿ ಚರ್ಚೆಯೇ ಬೇಡ. ಹೊಗಳಿಕೆಯಿರಲಿ ನಿಂದೆಯಿರಲಿ, ತೆಗೆಯಿರಿ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟ ಮೇಲೆ ಅಲ್ಲಿಂದ ಬಂದ ಲೇಖನಗಳನ್ನು ಮಾತ್ರ ಹಳತು ಎಂದು ಮುಟ್ಟಬೇಡಿ. ಅಂಕಿಅಂಶ ಹಳೆಯದಾಗಿರುತ್ತದೆ, ಅದನ್ನು ತಿದ್ದಬಹುದು. ವಿಷಯ ಬಲ್ಲವರು ಬರೆದ ಲೇಖನ ಎರಡನೆಯ ಸಲ ಸಿಗುವುದು ಕಷ್ಟ.

ಒಟ್ಟಿಗೆ ಅಳಿಸುವ ಪ್ರಸ್ತಾಪ ಕನ್ನಡ ವಿಕಿಪೀಡಿಯದವರೆಲ್ಲ ಕೂಡಿ ಚರ್ಚಿಸುವ ‘ಅರಳಿ ಕಟ್ಟೆ’ ಪುಟಕ್ಕೆ ಬಂದರೆ ನೀವು ವಿರೋಧಿಸಬೇಕು ಎಂಬುದು ನನ್ನ ಅಭಿಪ್ರಾಯ. ಸಾವಿರ ಪುಟಗಳನ್ನು ಒಂದೇ ಕಾರಣಕ್ಕೆ ತೆಗೆಯಬೇಕಾದರೆ ಆ ಕಾರಣ ಸಾವಿರಕ್ಕೂ ನಿಜವಾಗಿರಬೇಕು. ಒಂದೇ ಯಂತ್ರ, ಒಂದೇ ಪಟ್ಟಿ ಹುಟ್ಟಿಸಿದ ಪುಟಗಳಾದರೆ ಅದು ಸಾಧ್ಯ. ಸ್ವೀಡಿಷ್ ವಿಕಿಪೀಡಿಯ ಹೀಗೆಯೇ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ತಂತ್ರಾಂಶ, ಬರೆದ ಲಕ್ಷಾಂತರ ಪುಟಗಳನ್ನು ಆಮೇಲೆ ತೆಗೆದುಹಾಕಿತು. ಮನುಷ್ಯರು ಬರೆದ ಚುಟುಕುಗಳನ್ನು ಒಂದೊಂದಾಗಿ ತೆರೆದು ನೋಡಬೇಕು, ಬರೆದವರ ಚರ್ಚೆ ಪುಟದಲ್ಲಿ ತಿಳಿಸಬೇಕು, ಅವರಿಗೆ ಸಮಯ ಕೊಡಬೇಕು. ವಿಲೀನ ಮಾಡಿದಾಗ ಹಳೆಯ ಪುಟವನ್ನು ಅಳಿಸದೆ ಪುನರ್ನಿರ್ದೇಶನವಾಗಿ ಉಳಿಸುವುದು ಕಡ್ಡಾಯ ಎಂದೇ ತಿಳಿಯಿರಿ. ಯಾರು ಯಾವ ಸಾಲು ಬರೆದರು ಎಂಬುದು ಅದರ ಇತಿಹಾಸದಲ್ಲಿರುತ್ತದೆ, ಬರೆದವರನ್ನು ಸೂಚಿಸಬೇಕೆಂದು ವಿಕಿಪೀಡಿಯದ ಪರವಾನಗಿಯೇ ಹೇಳುತ್ತದೆ.

ನಿಮ್ಮ ಪುಟವನ್ನು ‘ಗಜನಿ’ ಎಂಬ ಪುಟದೊಳಗೆ ಸೇರಿಸಿದರಾಗದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಗಜನಿ ನೆಲ, ಕಗ್ಗ ಬೆಳೆ. ಭತ್ತದ ತಳಿಗಳ ವರ್ಗದಲ್ಲಿ ಹುಡುಕುವವರಿಗೆ ಅದು ಸ್ವಂತ ಹೆಸರಿನಲ್ಲೇ ಸಿಗಬೇಕು. ಅಳಿವೆಯ ಪುಟದಿಂದ, ಕುಮಟಾದ ಪುಟದಿಂದ ಅದಕ್ಕೆ ಕೊಂಡಿ ಕೊಡಿ, ಈಗ ಅದು ಯಾವ ಕೊಂಡಿಯೂ ಇಲ್ಲದ ಒಂಟಿ ಪುಟ. ಗಜನಿ ಬೇಸಾಯದ ಬಗ್ಗೆ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಬಂದ ಬರಹಗಳ ತಿಂಗಳು, ವರ್ಷ, ಪುಟಸಂಖ್ಯೆ ಬರೆದು, ಪುಟಗಳ ನೆರಳಚ್ಚಿನೊಂದಿಗೆ ನಿಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇವೆ. ಪ್ರತಿ ವಾಕ್ಯಕ್ಕೂ ಒಂದೊಂದು ಉಲ್ಲೇಖ ಹಾಕಿ, ಟೆಂಪ್ಲೇಟನ್ನು ನೀವೇ ಕಿತ್ತುಹಾಕದೆ ಚರ್ಚೆ ಪುಟದಲ್ಲಿ ಆ ಯುವಕರಿಗೆ ತೋರಿಸಿ ಅವರಿಂದಲೇ ತೆಗೆಸಿ. ಅಷ್ಟು ಪುಟಗಳನ್ನು ತಾಳ್ಮೆಯಿಂದ ತೆರೆದು ನೋಡಿದವರು ಅವರು. ಮುಂದಿನ ಚುಟುಕಿಗೆ ಆಧಾರ ಹುಡುಕಲು ನಿಮ್ಮ ಜೊತೆ ಬರುತ್ತೀರಾ ಎಂದು ಕೇಳಿ ನೋಡಿ.

— ಸಂಪಾದಕ