‘ತೆ ಸ್ಯೆಂತಾಸ್’ ಸರಿಯೋ, ‘ತೆ ಸ್ಯೆಂತೆಸ್’ ಸರಿಯೋ?

ಪ್ರಶ್ನೆ: ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಾ ದೆಲೆ ಬಿ1 ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ‘ನೀನು ಇಲ್ಲಿ ಕೂತ್ಕೋಬೇಕು ಅಂತ ನನ್ನಾಸೆ’ ಅನ್ನುವುದಕ್ಕೆ ‘ಕ್ಯೆರೊ ಕೆ ತೆ ಸ್ಯೆಂತಾಸ್ ಅಕೀ’ ಎಂದು ಬರೆದೆ. ಟೀಚರ್ ಅದನ್ನು ‘ಸ್ಯೆಂತೆಸ್’ ಎಂದು ತಿದ್ದಿದರು. ಆದರೆ ಇನ್ನೊಂದು ಪಾಠದಲ್ಲಿ ‘ಕ್ಯೆರೊ ಕೆ ತೆ ಸ್ಯೆಂತಾಸ್ ಬ್ಯೆನ್’ ಅಂತ ಇದೆ, ಅದು ಸರಿಯಂತೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ. ಇವು ಎರಡು ಬೇರೆ ಬೇರೆ ಕ್ರಿಯಾಪದಗಳು. ಒಂದು ‘ಸೆಂತಾರ್‌ಸೆ’, ಅಂದರೆ ಕೂತುಕೊಳ್ಳುವುದು. ಇನ್ನೊಂದು ‘ಸೆಂತೀರ್‌ಸೆ’, ಅಂದರೆ ಮೈಗೋ ಮನಸ್ಸಿಗೋ ಹೀಗೆ ಅನ್ನಿಸುವುದು. ‘ನಾನು’ ಜೊತೆ ಬಂದಾಗ ಎರಡೂ ‘ಮೆ ಸ್ಯೆಂತೊ’ ಆಗುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿಂದ.

‘ನೀನು’ಗೆ ಬಂದಾಗ ದಾರಿ ಬೇರೆಯಾಗುತ್ತದೆ. ಮಾಮೂಲಿ ವರ್ತಮಾನದಲ್ಲಿ ‘ತೆ ಸ್ಯೆಂತಾಸ್’ ಅಂದರೆ ನೀನು ಕೂರುತ್ತೀಯ, ‘ತೆ ಸ್ಯೆಂತೆಸ್’ ಅಂದರೆ ನಿನಗೆ ಅನ್ನಿಸುತ್ತದೆ. ಸಬ್ಜಂಕ್ಟಿವ್‌ಗೆ (ಆಸೆ, ಹಾರೈಕೆ ಹೇಳುವಾಗ ಬರುವ ಕ್ರಿಯಾರೂಪಕ್ಕೆ) ಹೋದ ಕೂಡಲೇ ಕೊನೆಯ ಸ್ವರ ಅದಲುಬದಲಾಗುತ್ತದೆ. ಮೂಲರೂಪ ‘ಆರ್’ ಎಂದು ಮುಗಿಯುವ (‘ಸೆಂತಾರ್’ ಥರದ) ಗುಂಪಿನ ಕ್ರಿಯಾಪದ ‘ಎ’ ತೆಗೆದುಕೊಳ್ಳುತ್ತದೆ. ‘ಎರ್’ ಮತ್ತು ‘ಈರ್’ ಗುಂಪಿನವು ‘ಆ’ ತೆಗೆದುಕೊಳ್ಳುತ್ತವೆ. ಹಾಗಾಗಿ ಕೂತುಕೊಳ್ಳುವುದು ‘ತೆ ಸ್ಯೆಂತೆಸ್’ ಆಗುತ್ತದೆ, ಅನ್ನಿಸುವುದು ‘ತೆ ಸ್ಯೆಂತಾಸ್’ ಆಗುತ್ತದೆ. ನೀವು ಮಾಮೂಲಿ ರೂಪವನ್ನೇ ‘ಕೆ’ (ನಮ್ಮ ‘ಅಂತ’ದ ಹಾಗೆ) ಆದಮೇಲೂ ಇಟ್ಟುಬಿಟ್ಟಿರಿ. ಅದು ಕಿವಿಗೆ ತಪ್ಪು ಅನ್ನಿಸುವುದಿಲ್ಲ, ಯಾಕೆಂದರೆ ಅದೂ ಇರುವ ರೂಪವೇ. ಆದರೆ ಅರ್ಥ ಮಾತ್ರ ಬೇರೆ ಕ್ರಿಯಾಪದದ್ದು.

ಈ ಎರಡು ವಾಕ್ಯಗಳನ್ನು ಜೊತೆಗಿಟ್ಟು ಓದಿ. ‘ಕ್ಯೆರೊ ಕೆ ತೆ ಸ್ಯೆಂತಾಸ್ ಬ್ಯೆನ್’: ನೀನು ಹಾಯಾಗಿರಬೇಕು ಅಂತ ನನ್ನಾಸೆ. ‘ಕ್ಯೆರೊ ಕೆ ತೆ ಸ್ಯೆಂತೆಸ್ ಬ್ಯೆನ್’: ನೀನು ಸರಿಯಾಗಿ ಕೂತ್ಕೋಬೇಕು. ಜ್ವರ ಬಂದು ಮಲಗಿದ ಗೆಳತಿಗೆ ಎರಡನೆಯದನ್ನು ಹೇಳಿದರೆ, ಬೆನ್ನು ನೆಟ್ಟಗೆ ಮಾಡು ಅಂತ ಹೇಳಿದ ಹಾಗಾಗುತ್ತದೆ. ಒಂದೇ ಒಂದು ಸ್ವರದ ವ್ಯತ್ಯಾಸ, ಅಲ್ವಾ? ಅದಕ್ಕೇ ಈ ಜೋಡಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಗಟ್ಟಿಯಾಗಿ ಓದಿ ಕಿವಿಗೆ ಹತ್ತಿಸಿಕೊಳ್ಳಿ ಅಂತ ನಾನು ಹೇಳುವುದು.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಆಸೆ, ಹಾರೈಕೆ ಬಂದಾಗ ನಾವೂ ಕ್ರಿಯಾಪದದ ಬಾಲ ಬದಲಿಸುತ್ತೇವೆ. ‘ಅವಳು ಕೂತುಕೊಳ್ಳುತ್ತಾಳೆ’ ಬೇರೆ, ‘ಅವಳು ಕೂತುಕೊಳ್ಳಲಿ’ ಬೇರೆ. ಆ ‘ಲಿ’ ಮಾಡುವ ಕೆಲಸದ ಒಂದು ಪಾಲನ್ನು ‘ಕೆ ಸೆ ಸ್ಯೆಂತೆ’ಯಲ್ಲಿ ಕೊನೆಯ ‘ಎ’ ಮಾಡುತ್ತದೆ. ‘ಕೊಳ್ಳು’ ಕೂಡ ‘ಸೆ’ಗೆ ಹತ್ತಿರದ್ದೇ. ಆದರೆ ನಮ್ಮ ‘ಕೊಳ್ಳು’ ಯಾರ ಜೊತೆ ಬಂದರೂ ‘ಕೊಳ್ಳು’ವೇ. ಸ್ಪ್ಯಾನಿಷ್‌ನಲ್ಲಿ ಅದು ‘ಮೆ’, ‘ತೆ’, ‘ಸೆ’, ‘ನೋಸ್’, ‘ಓಸ್’ ಅಂತ ಆಳಿಗೆ ತಕ್ಕಂತೆ ಬದಲಾಗಲೇಬೇಕು. ಸಬ್ಜಂಕ್ಟಿವ್ ಬಂತು ಅಂತ ಅದರಲ್ಲಿ ಹೊಸ ಬದಲಾವಣೆ ಏನೂ ಇಲ್ಲ.

ಕನ್ನಡದಿಂದಲೇ ನುಸುಳುವ ಒಂದು ತಪ್ಪೂ ಇದೆ. ‘ನಾನು ಇಲ್ಲಿ ಕೂತ್ಕೋಬೇಕು ಅಂತ ಇದೀನಿ’ ಅನ್ನುವಾಗ ನಮಗೆ ‘ಅಂತ’ ಬೇಕು. ಅದೇ ಅಭ್ಯಾಸದಲ್ಲಿ ‘ಕ್ಯೆರೊ ಕೆ ಮೆ ಸ್ಯೆಂತೆ’ ಎಂದು ಬರೆಯುತ್ತಾರೆ. ಆಸೆ ಪಡುವವರೂ ಕೂರುವವರೂ ಒಬ್ಬರೇ ಆದರೆ ‘ಕೆ’ ಬೇಡ, ಸಬ್ಜಂಕ್ಟಿವ್ ಕೂಡ ಬೇಡ. ಸುಮ್ನೆ ‘ಕ್ಯೆರೊ ಸೆಂತಾರ್‌ಮೆ ಅಕೀ’ ಅಂದರೆ ಸಾಕು. ನಿಘಂಟಿನಲ್ಲಿ ‘ಸೆಂತಾರ್‌ಸೆ’ ಅಂತ ಇದ್ದರೂ ಇಲ್ಲಿ ಕೊನೆಗೆ ‘ಮೆ’ ಬರುತ್ತದೆ, ನೋಡಿ.

ಪ್ರಶ್ನೆ: ‘ನಾವು’ ರೂಪದಲ್ಲಿ ಧಾತುವಿನ ಸ್ವರ ಬದಲಾಗುವುದಿಲ್ಲ ಅಂತ ಕಲಿತಿದ್ದೆ. ‘ನೋಸ್ ಅಕೊಸ್ತೇಮೊಸ್’ (ಮಲಗಿಕೊಳ್ಳುವುದು) ಹಾಗೇ ಇದೆ. ಹಾಗಾದರೆ ‘ನೋಸ್ ದುರ್‌ಮಾಮೊಸ್’ನಲ್ಲಿ (ನಿದ್ದೆ ಹೋಗುವುದು) ‘ಉ’ ಎಲ್ಲಿಂದ ಬಂತು?

ಉತ್ತರ: ನೀವು ಕಲಿತ ನಿಯಮ ‘ಆರ್’ ಮತ್ತು ‘ಎರ್’ ಗುಂಪಿಗೆ ಪೂರ್ತಿ ಸರಿ. ‘ಈರ್’ ಗುಂಪಿಗೆ ಸಾಲದು.

ಸ್ವರ ಯಾಕೆ ಒಡೆಯುತ್ತದೆ ಅನ್ನುವುದು ಗೊತ್ತಾದರೆ ಇದು ಸುಲಭ. ಸ್ಪ್ಯಾನಿಷ್‌ನಲ್ಲಿ ಒಂದು ಪದದ ಯಾವುದೋ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದು ಕಡಿಮೆ. ಈ ಕ್ರಿಯಾಪದಗಳಲ್ಲಿ ಒತ್ತು ಧಾತುವಿನ ಮೇಲೆ ಬಿದ್ದಾಗ ‘ಎ’ ಒಡೆದು ‘ಯೆ’ ಆಗುತ್ತದೆ, ‘ಒ’ ಒಡೆದು ‘ವೆ’ ಆಗುತ್ತದೆ: ‘ಮೆ ಅಕ್ವೆಸ್ತೆ’, ‘ಮೆ ದ್ವೆರ್ಮಾ’. ‘ನಾವು’ ರೂಪದಲ್ಲಿ ಒತ್ತು ಮುಂದಕ್ಕೆ, ‘ತೇ’ ಅಥವಾ ‘ಮಾ’ ಮೇಲೆ ಹೋಗುತ್ತದೆ. ಹಾಗಾಗಿ ಸ್ವರ ಒಡೆಯುವುದಿಲ್ಲ.

ಆದರೆ ‘ದೊರ್‌ಮೀರ್‌ಸೆ’ಯಂಥ ‘ಈರ್’ ಕ್ರಿಯಾಪದಗಳಲ್ಲಿ ಹಳೆಯದೊಂದು ಗುರುತು ಉಳಿದಿದೆ. ಲ್ಯಾಟಿನ್‌ನಲ್ಲಿ ಇದೇ ರೂಪ ‘ದೊರ್ಮಿಯಾಮುಸ್’ ಅಂತ ಇತ್ತು. ಅದರ ನಡುವಿನ ‘ಇ’ ಹಿಂದಿನ ಸ್ವರವನ್ನು ಮೇಲಕ್ಕೆ ಎಳೆದುಕೊಂಡಿತು: ‘ಒ’ ಹೋಗಿ ‘ಉ’ ಆಯಿತು, ‘ಎ’ ಹೋಗಿ ‘ಇ’ ಆಯಿತು. ಆಮೇಲೆ ಆ ‘ಇ’ ಮರೆಯಾದರೂ ಅದರ ಪರಿಣಾಮ ಉಳಿಯಿತು. ಅದಕ್ಕೇ ‘ನೋಸ್ ದುರ್‌ಮಾಮೊಸ್’, ‘ನೋಸ್ ಸಿಂತಾಮೊಸ್’, ‘ನೋಸ್ ದಿಬಿರ್ತಾಮೊಸ್’. ಸ್ಪೇನ್‌ನ ‘ಬೊಸೋತ್ರೊಸ್’ಗೂ (ಆಪ್ತರಾದ ಹಲವರಿಗೆ ಹೇಳುವ ‘ನೀವು’) ಇದೇ ಸ್ವರ. ಲ್ಯಾಟಿನ್ ಅಮೆರಿಕದಲ್ಲಿ ಅದರ ಬದಲು ‘ಉಸ್ತೇದೆಸ್’ ಬಳಸುವುದರಿಂದ ಅಲ್ಲಿ ‘ಸೆ ದ್ವೆರ್ಮಾನ್’.

ಪಠ್ಯಪುಸ್ತಕಗಳು ಕ್ರಿಯಾಪದದ ಪಕ್ಕ ಕಂಸದಲ್ಲಿ ಎರಡು ಗುರುತು ಕೊಡುವುದನ್ನು ನೋಡಿರುತ್ತೀರಿ. ‘ಸೆಂತೀರ್’ ಎದುರು ‘ಯೆ, ಇ’, ‘ದೊರ್‌ಮೀರ್’ ಎದುರು ‘ವೆ, ಉ’. ಮೊದಲನೆಯದು ಒತ್ತು ಬಿದ್ದಾಗ. ಎರಡನೆಯದು ಈ ‘ನಾವು’ ರೂಪಕ್ಕೆ. ‘ದುರ್‌ಮ್ಯೆಂದೊ’, ‘ಸಿಂತ್ಯೊ’ ಥರದ ರೂಪಗಳಿಗೂ ಅದೇ. ಜಾಸ್ತಿ ಜನ ಆ ಎರಡನೆಯ ಗುರುತನ್ನು ಓದದೆ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ‘ಬೆಸ್ತೀರ್‌ಸೆ’, ಅಂದರೆ ಬಟ್ಟೆ ಹಾಕಿಕೊಳ್ಳುವುದು, ಇನ್ನೂ ಸರಳ. ಅದರ ಸಬ್ಜಂಕ್ಟಿವ್‌ನಲ್ಲಿ ಎಲ್ಲ ಕಡೆ ‘ಇ’: ‘ಮೆ ಬಿಸ್ತಾ’, ‘ನೋಸ್ ಬಿಸ್ತಾಮೊಸ್’.

ಬಳಸಿ ನೋಡಲು ಒಂದು ವಾಕ್ಯ: ‘ಎಸ್ಪೇರೊ ಕೆ ನೊ ನೋಸ್ ದುರ್‌ಮಾಮೊಸ್ ಎನ್ ಎಲ್ ಸೀನೆ’. ಸಿನಿಮಾದಲ್ಲಿ ನಮಗೆ ನಿದ್ದೆ ಹತ್ತದಿರಲಿ ಅಂತ.

ಪ್ರಶ್ನೆ: ‘ಸ್ಯೆಂತೆಸೆ’ ಮತ್ತು ‘ನೊ ಸೆ ಸ್ಯೆಂತೆ’, ಎರಡರಲ್ಲಿ ‘ಸೆ’ ಬೇರೆ ಬೇರೆ ಕಡೆ ಯಾಕಿದೆ?

ಉತ್ತರ: ಕೂತ್ಕೊಳ್ಳಿ ಅಂತ ಹೇಳುವಾಗ ಸರ್ವನಾಮ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಬೇಡ ಅನ್ನುವಾಗ ಬಿಡಿಯಾಗಿ ಮುಂದೆ ನಿಲ್ಲುತ್ತದೆ. ‘ಕೆ’ ಆದಮೇಲೂ ಮುಂದೆಯೇ. ‘ಕೂತ್ಕೊಳ್ಳೋಣ’ ಅನ್ನುವಾಗ ಮಾತ್ರ ಇನ್ನೊಂದು ಕೆಲಸ ಇದೆ: ‘ಸೆಂತೇಮೊಸ್’ಗೆ ‘ನೋಸ್’ ಸೇರಿಸುವ ಮೊದಲು ಕೊನೆಯ ‘ಸ್’ ಬಿಡಬೇಕು. ‘ಸೆಂತೇಮೊನೊಸ್’ ಆಗುತ್ತದೆ. ಬರೆಯುವಾಗ ಆ ‘ತೇ’ಯ ಸ್ವರದ ಮೇಲೆ ಒತ್ತಿನ ಗೆರೆ ಹಾಕಿ, ಅದನ್ನು ಬಿಟ್ಟರೆ ಕಾಗುಣಿತದ ತಪ್ಪಾಗುತ್ತದೆ.