ಓದುಗರ ಪ್ರಶ್ನೆ: ನರಕೋಶಕ್ಕೆ ಸಿಂಥಸೈಸರ್ ನುಡಿಸೋಕೆ ಬರುತ್ತಾ?

ಪ್ರಶ್ನೆ: ಸರ್, ಆಸ್ಟ್ರೇಲಿಯಾದಲ್ಲಿ ಒಬ್ರು ತಮ್ಮ ಚರ್ಮದಿಂದಲೇ ನರಕೋಶ ಬೆಳೆಸಿ ಅದರ ಕೈಲಿ ಸಿಂಥಸೈಸರ್ ನುಡಿಸಿದ್ರಂತೆ, ನಿಜಾನಾ? ಆ ಕೋಶಗಳಿಗೆ ಸಂಗೀತ ಅರ್ಥ ಆಗುತ್ತಾ?
(ಓದುಗರು, ಶಿವಮೊಗ್ಗ)

ಉತ್ತರ: ನುಡಿಸಿದ್ದು ನಿಜ, ಅರ್ಥ ಆಗೋ ಮಾತು ಬೇರೆ. ಪರ್ತ್ ನಗರದ ಕಲಾವಿದ ಗೈ ಬೆನ್-ಆರಿ ತಮ್ಮ ತೋಳಿನಿಂದ ಚೂರು ಚರ್ಮ ತೆಗೆಸಿ, ಆ ಕೋಶಗಳನ್ನ ಲ್ಯಾಬಲ್ಲಿ ಮೊದಲು ಕಾಂಡಕೋಶಗಳಾಗಿ (ಬೇರೆ ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಕೋಶ, ಸ್ಟೆಮ್ ಸೆಲ್) ಬದಲಾಯಿಸಿ, ಆಮೇಲೆ ಅವುಗಳಿಂದ ನರಕೋಶ ಬೆಳೆಸಿದ್ರು. ಈ ದಾರಿ ತೋರಿಸಿದ್ದು ಜಪಾನಿನ ಶಿನ್ಯಾ ಯಮನಾಕ, 2006ರಲ್ಲಿ ಇಲಿ ಕೋಶದಲ್ಲಿ, ಮರುವರ್ಷ ಮನುಷ್ಯನ ಕೋಶದಲ್ಲಿ, ಅದಕ್ಕೇ 2012ರಲ್ಲಿ ನೊಬೆಲ್ ಬಂತು. ಬೆನ್-ಆರಿ ಯಂತ್ರದ ಹೆಸರು ಸೆಲ್‌ಎಫ್. ಒಂದು ಪುಟ್ಟ ಗಾಜಿನ ತಟ್ಟೆ, ಅದರ ತಳದಲ್ಲಿ 8 ಅಡ್ಡಸಾಲು, 8 ಉದ್ದಸಾಲಾಗಿ ಎಲೆಕ್ಟ್ರೋಡ್‌ಗಳು (ವಿದ್ಯುತ್ ಸಂಕೇತ ಕೊಟ್ಟು ತಗೊಳ್ಳೋ ಪುಟ್ಟ ಲೋಹದ ಬಿಂದುಗಳು), ಮೇಲೆ ಸುಮಾರು ಒಂದು ಲಕ್ಷ ನರಕೋಶಗಳು, ಅದರಿಂದ ವೈರು ಹೋಗಿ ಸೇರೋದು ಅನಲಾಗ್ ಸಿಂಥಸೈಸರ್‌ಗೆ, ಅಂದ್ರೆ ವಿದ್ಯುತ್ ಏರಿಳಿತದಿಂದಲೇ ಸ್ವರ ಹುಟ್ಟಿಸೋ ವಾದ್ಯಕ್ಕೆ. ನಡುವೆ ಕಂಪ್ಯೂಟರೂ ಇಲ್ಲ, ಪ್ರೋಗ್ರಾಮೂ ಇಲ್ಲ.

2015ರ ಅಕ್ಟೋಬರ್‌ನಲ್ಲಿ ಪರ್ತ್‌ನಲ್ಲಿ ಮೊದಲ ಪ್ರದರ್ಶನ ಆದಾಗ ಜೊತೆಗಿದ್ದವರು ಡ್ರಮ್ಮರ್ ಡ್ಯಾರೆನ್ ಮೂರ್. ಅವರು ಬಾರಿಸಿದ್ದು ವಿದ್ಯುತ್ ಸಂಕೇತವಾಗಿ ಕೋಶಗಳಿಗೆ ಹೋಗುತ್ತೆ, ಕೋಶಗಳು ಮಿಡೀತಾವೆ (ಅಂದ್ರೆ ಪುಟ್ಟ ವಿದ್ಯುತ್ ಸಂಕೇತ ಹೊಮ್ಮಿಸ್ತಾವೆ), ಆ ಮಿಡಿತ ಸಿಂಥಸೈಸರನ್ನ ನಡೆಸುತ್ತೆ, ಅದನ್ನ ಕೇಳಿ ಡ್ರಮ್ಮರ್ ಮತ್ತೆ ಬಾರಿಸ್ತಾರೆ, ಒಂಥರಾ ಜುಗಲ್‌ಬಂದಿ ಅನ್ನಿ, ಆದ್ರೆ ಒಬ್ರಿಗೆ ಮಾತ್ರ ಕಿವಿ ಇದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸುಮ್ನಿರೋ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಮ್ಮಿ ಇರುತ್ತೆ. ಅಕ್ಕಪಕ್ಕದ ಕೋಶಗಳಿಂದ ಬರೋ ಸಂಕೇತ ಸೇರ್ತಾ ಸೇರ್ತಾ ಒಂದು ಮಿತಿ ದಾಟಿತು ಅಂದ್ರೆ ಸೋಡಿಯಂ ಒಳಗೆ ನುಗ್ಗಿ ಒಂದು ಮಿಲಿಸೆಕೆಂಡ್ ಆಸುಪಾಸಲ್ಲಿ ಮಿಡಿದು ಮುಗಿಯುತ್ತೆ, ಆಮೇಲೆ ಸ್ವಲ್ಪ ಹೊತ್ತು ಏನು ಮಾಡಿದ್ರೂ ಮತ್ತೆ ಮಿಡಿಯಲ್ಲ. ಒಂದು ಕೋಶಕ್ಕೆ ಅರ್ಧ ಮಿಡಿತ, ದೊಡ್ಡ ಮಿಡಿತ ಅಂತೆಲ್ಲ ಇಲ್ಲ. ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್ 1920ರ ದಶಕದಲ್ಲೇ ಒಂದೊಂದು ನರತಂತುವಿನ ಮಿಡಿತ ದಾಖಲಿಸಿ ತೋರಿಸಿದ್ರು, ಸ್ನಾಯುವನ್ನ ಜಾಸ್ತಿ ಎಳೆದಷ್ಟೂ ಮಿಡಿತ ದೊಡ್ಡದಾಗಲ್ಲ, ಬೇಗ ಬೇಗ ಬರುತ್ತೆ ಅಷ್ಟೇ. ತಟ್ಟೆಯಲ್ಲಿರೋ ಕೋಶ ಮಾಡೋದೂ ಅದನ್ನೇ. ಅದಕ್ಕೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ, ಆದ್ರೆ ಲಕ್ಷ ಕೋಶ ಒಂದಕ್ಕೊಂದು ಹೆಣೆದುಕೊಂಡು ಒಂದನ್ನೊಂದು ಕೆಣಕಿ ತಡೆದು ಮಾಡಿದಾಗ ಹುಟ್ಟೋ ಲಯ ಇದ್ಯಲ್ಲ, ಅದನ್ನ ಯಾರೂ ಬರೆದಿಟ್ಟಿದ್ದಲ್ಲ. ನನಗೆ ಅದೇ ದೊಡ್ಡ ಅಚ್ಚರಿ, ಕೋಶಕ್ಕೆ ಮನಸ್ಸಿದೆ ಅಂತ ಕಥೆ ಕಟ್ಟೋ ಅಗತ್ಯವೇ ಇಲ್ಲ.

ಪ್ರಶ್ನೆ: ಇದೂ ಈಗಿನ ಎಐ ಹಾಡಿನ ಆ್ಯಪ್‌ಗಳೂ ಒಂದೇನಾ?
(ಓದುಗರು, ಮೈಸೂರು)

ಉತ್ತರ: ಅಲ್ಲ. ಆ ಆ್ಯಪ್‌ಗಳು ರಾಶಿ ರಾಶಿ ಹಾಡು ಕಲಿತು ಅದೇ ಥರದ್ದನ್ನ ಕೊಡ್ತಾವೆ. ಆದ್ರೆ ಚಿಪ್ ಮೇಲಿನ ಕೃತಕ ನರಜಾಲವನ್ನ ಯಾವ ಹಾಡೂ ಕಲಿಸದೆ ನುಡಿಸಿದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಇಂಟೆಲ್ ಕಂಪನಿ 1989ರಲ್ಲಿ ತಂದಿದ್ದ ಒಂದು ಅನಲಾಗ್ ಚಿಪ್‌ನಲ್ಲಿ 64 ಕೃತಕ ನರಕೋಶ, ಅವನ್ನ ಹೆಣೆಯೋ ಸಂಧಿಗಳು (ಸಿನಾಪ್ಸ್) ಹತ್ತು ಸಾವಿರಕ್ಕೂ ಮೇಲೆ. ಫಾರೆಸ್ಟ್ ವಾರ್ತ್‌ಮನ್ ಮತ್ತೆ ಅವರ ಜೊತೆಗಾರರು ಅದರ ಸುತ್ತ ಸಿಂಥಸೈಸರ್ ಕಟ್ಟಿಕೊಟ್ರು. ಟ್ಯೂಡರ್ ಅದರ ಔಟ್‌ಪುಟ್ಟನ್ನ ಮತ್ತೆ ಇನ್‌ಪುಟ್ಟಿಗೇ ಸುತ್ತಿಸಿ, ಆ ಸುತ್ತಲ್ಲಿ ಹುಟ್ಟೋ ಕಂಪನವನ್ನೇ ಸಂಗೀತ ಮಾಡಿದ್ರು. ಕೇಳೋಕೆ ಹಿತವಾಗಿರುತ್ತೆ ಅಂತ ಹೇಳಲ್ಲ, ಚಿಲಿಪಿಲಿ, ಕರಕರ, ಗುರ್ ಅನ್ನೋ ಸದ್ದು, ಆದ್ರೂ ಹತ್ತು ನಿಮಿಷ ಕಣ್ಮುಚ್ಚಿ ಕೇಳಿ.

ಪ್ರಶ್ನೆ: ಮನೇಲಿ ಇಂಥದ್ದು ಮಾಡ್ಬಹುದಾ? ನಾನು ಡಿಪ್ಲೊಮಾ ಸ್ಟೂಡೆಂಟ್.
(ಓದುಗರು, ಹುಬ್ಬಳ್ಳಿ)

ಉತ್ತರ: ಧಾರಾಳವಾಗಿ. 555 ಟೈಮರ್ ಐಸಿ ಅನ್ನೋ ಪುಟ್ಟ ಚಿಪ್ ತಗೊಳ್ಳಿ. ನರಕೋಶದ ಥರಾನೇ ಇದಕ್ಕೂ ಒಂದು ಮಿತಿ ಇದೆ: ಅದಕ್ಕೆ ಜೋಡಿಸೋ ಕೆಪಾಸಿಟರ್ ನಿಧಾನಕ್ಕೆ ಚಾರ್ಜ್ ಆಗಿ, ಸಪ್ಲೈ ವೋಲ್ಟೇಜಿನ ಮೂರನೇ ಎರಡು ಭಾಗ ಮುಟ್ಟಿದ ಕೂಡಲೇ ಖಾಲಿ ಆಗೋಕೆ ಶುರು ಮಾಡುತ್ತೆ, ಮೂರನೇ ಒಂದಕ್ಕೆ ಇಳಿದಾಗ ಮತ್ತೆ ತುಂಬುತ್ತೆ. ಹೀಗೆ ತಾನಾಗೇ ಮತ್ತೆ ಮತ್ತೆ ಮಿಡಿಯೋ ಆಸ್ಟೇಬಲ್ ಸರ್ಕ್ಯೂಟ್ ಪಠ್ಯದಲ್ಲೇ ಇರುತ್ತೆ, ಅದರಲ್ಲಿ 1ಕೆ, 100ಕೆ (ಕೆ ಅಂದ್ರೆ ಸಾವಿರ ಓಮ್) ರೆಸಿಸ್ಟರ್ ಜೊತೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಸ್ಪೀಕರಲ್ಲಿ ಸುಮಾರು 1.4 ಸೆಕೆಂಡಿಗೊಂದು ಆವರ್ತನೆಯಂತೆ ಟಿಕ್ ಟಿಕ್, ಆ ಕೆಪಾಸಿಟರ್ ತೆಗೆದು 0.1 ಮೈಕ್ರೋಫ್ಯಾರಡ್‌ದು ಹಾಕಿ, ಅದೇ ಟಿಕ್ ಸೆಕೆಂಡಿಗೆ ಸುಮಾರು 70 ಆಗಿ ಗುಂಯ್ ಅನ್ನೋ ಸ್ವರ ಆಗಿಬಿಡುತ್ತೆ. ಮಿಡಿತ ಸ್ವರ ಆಗೋದು ಕಿವಿಗೇ ಗೊತ್ತಾಗೋ ಜಾಗ ಇದು. 100ಕೆ ಬದಲು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ತಡೆ ಬದಲಾಗೋ ರೆಸಿಸ್ಟರ್) ಇಟ್ಟು ಮೇಲೆ ಕೈ ಆಡಿಸಿ, ಬೆಳಕಿಗೆ ತಕ್ಕ ಹಾಗೆ ಸ್ವರ ಏರಿಳಿಯುತ್ತೆ.

ಆಮೇಲೆ ಇನ್ನೊಂದು 555 ಬೇರೆ ವೇಗದಲ್ಲಿ ಮಾಡಿ, ಮೊದಲನೇದರ 3ನೇ ಪಿನ್ನಿಂದ (ಔಟ್‌ಪುಟ್) 10ಕೆ ರೆಸಿಸ್ಟರ್ ಮೂಲಕ ಎರಡನೇದರ 5ನೇ ಪಿನ್ನಿಗೆ ಜೋಡಿಸಿ, ಹಾಗೇ ಎರಡನೇದರ 3ನೇ ಪಿನ್ನಿಂದ ಇನ್ನೊಂದು 10ಕೆ ಮೂಲಕ ಮೊದಲನೇದರ 5ನೇ ಪಿನ್ನಿಗೆ. 5ನೇ ಪಿನ್ ಆ ಮಿತಿಯನ್ನೇ ಮೇಲೆ ಕೆಳಗೆ ಮಾಡುತ್ತೆ, ಹಾಗಾಗಿ ಎರಡೂ ಒಂದನ್ನೊಂದು ನಿಧಾನಿಸಿ, ಅವಸರಿಸಿ, ನೀವು ಲೆಕ್ಕ ಹಾಕದ ಲಯ ಬರೋಕೆ ಶುರು ಆಗುತ್ತೆ. ಸ್ಪೀಕರ್‌ಗೆ ಸರಣಿಯಲ್ಲಿ ಒಂದು ಕೆಪಾಸಿಟರ್ ಇರಲಿ, ಇಯರ್‌ಫೋನ್ ಮಾತ್ರ ನೇರವಾಗಿ ಚುಚ್ಚಬೇಡಿ, ಸದ್ದು ಕಿವಿಗೆ ಅಪಾಯ.