ಗಲಪಗೋಸ್‌ಗೆ ಹೋಗುವುದಾದರೆ ಪಶ್ಚಿಮದ ದಾರಿ

ಪ್ರಶ್ನೆ: ಮಗಳು ಈಕ್ವೆಡಾರ್ ದೇಶದ ಗಲಪಗೋಸ್ ದ್ವೀಪಗಳ ಹಡಗು ಪ್ರವಾಸಕ್ಕೆ ಕರೆದಿದ್ದಾಳೆ. ಪೂರ್ವದ ದ್ವೀಪಗಳಿಗೆ ಒಂದು ದಾರಿ, ಪಶ್ಚಿಮಕ್ಕೆ ಇನ್ನೊಂದು. ಎರಡಕ್ಕೂ ಸಾಲುವಷ್ಟು ರಜೆ ಅವಳಿಗಿಲ್ಲ. ನನಗೆ ಈಜು ಬರುವುದಿಲ್ಲ. ಬಸ್ಸಿನಲ್ಲೇ ತಲೆ ಸುತ್ತುತ್ತದೆ. ಯಾವ ದಾರಿ, ಯಾವ ತಿಂಗಳು?
– ಓದುಗರೊಬ್ಬರು, ಶಿರಾ

ಉತ್ತರ: ಪಶ್ಚಿಮಕ್ಕೇ ಹೋಗಿ. ಇಸಬೆಲಾ, ಫರ್ನಾಂಡಿನಾ ದ್ವೀಪಗಳೆರಡೂ ಇರುವ ಪ್ರವಾಸವನ್ನೇ ಆರಿಸಿ.

ಕಾರಣ ಹೇಳುತ್ತೇನೆ. ಈ ದ್ವೀಪಗಳೆಲ್ಲ ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿಗಳು. ಕರಗಿದ ಕಲ್ಲು ಉಕ್ಕುವ ಜಾಗ ಇದ್ದಲ್ಲೇ ಇದೆ, ಅದರ ಮೇಲಿನ ನೆಲದ ಪದರ ಪೂರ್ವಕ್ಕೆ ಸರಿಯುತ್ತಲೇ ಇದೆ. ಹಾಗಾಗಿ ಹಳೆಯವು ಪೂರ್ವದಲ್ಲಿ, ಹೊಸವು ಪಶ್ಚಿಮದಲ್ಲಿ. ಸಮುದ್ರದಾಳದಲ್ಲಿ ಪಶ್ಚಿಮದಿಂದ ಹರಿದು ಬರುವ ತಣ್ಣೀರು ಈ ಹೊಸ ದ್ವೀಪಗಳಿಗೆ ಬಡಿದು ಮೇಲಕ್ಕೇಳುತ್ತದೆ. ಅದರ ಜೊತೆ ಮೀನಿಗೆ ಬೇಕಾದ ಆಹಾರವೂ ಮೇಲೆ ಬರುತ್ತದೆ. ಸಮಭಾಜಕದ ಮೇಲೆ ಪೆಂಗ್ವಿನ್ ಬದುಕಿರುವುದು ಇದರಿಂದಲೇ. ಹಾರಲಾರದ ನೀರುಕಾಗೆಯೂ ಅಷ್ಟೆ. ಅದು ಇರುವುದು ಈ ಎರಡು ದ್ವೀಪಗಳ ದಡದಲ್ಲಿ ಮಾತ್ರ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮುಳುಗಿ ಮೇಲೆ ಬಂದು, ಆ ಮೊಂಡು ರೆಕ್ಕೆಗಳನ್ನೇ ಅಗಲಿಸಿ ಬಿಸಿಲಿಗೆ ಒಡ್ಡಿ ನಿಲ್ಲುತ್ತದೆ.

ಫರ್ನಾಂಡಿನಾದ ಪುಂಟಾ ಎಸ್ಪಿನೋಸಾದಲ್ಲಿ ಇಳಿದಾಗ ಕಾಲಿಡುವ ಮುಂಚೆ ನೆಲ ನೋಡಿ. ಕಪ್ಪು ಲಾವಾ ಬಂಡೆ ಅಂದುಕೊಂಡಿದ್ದು ಒಂದರ ಮೇಲೊಂದು ಮಲಗಿದ ಕಡಲ ಇಗುವಾನಾ ಆಗಿರಬಹುದು. ಸಮುದ್ರದಲ್ಲಿ ಪಾಚಿ ಮೇಯುವ ಹಲ್ಲಿ ಜಾತಿ ಅಂದರೆ ಇದೊಂದೇ. ಮೈಯಲ್ಲಿ ಜಾಸ್ತಿಯಾದ ಉಪ್ಪನ್ನು ಮೂಗಿನಿಂದ ಪುಸಕ್ಕನೆ ಸೀನಿ ಹೊರಹಾಕುತ್ತದೆ. ನಾನು ಅಲ್ಲಿ ಸುಮ್ನೆ ಕೂತು ಆ ಸೀನುಗಳನ್ನೇ ಕೇಳಿದ್ದೇನೆ. ಮಾರ್ಗದರ್ಶಿ ಅವಸರ ಮಾಡಿದರೆ, ಇನ್ನೈದು ನಿಮಿಷ ಅಂತ ಕೇಳಿ.

ಪಶ್ಚಿಮಕ್ಕೆ ಹೋದರೆ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಸಿಗುವುದಿಲ್ಲ. ಅದು ಮರಿ ಮಾಡುವುದು ಪೂರ್ವದ ಎಸ್ಪನೋಲಾದಲ್ಲಿ. ಬೇಜಾರಾಗುತ್ತದೆ, ನಿಜ. ಆದರೂ ನನ್ನ ಆಯ್ಕೆ ಬದಲಾಗುವುದಿಲ್ಲ.

ತಿಂಗಳು: ಏಪ್ರಿಲ್ ಅಥವಾ ಮೇ. ಆಗ ಸಮುದ್ರ ಸಾಮಾನ್ಯವಾಗಿ ಶಾಂತ. ಆಗಸ್ಟ್, ಸೆಪ್ಟೆಂಬರ್ ನಿಮಗೆ ಬೇಡವೇ ಬೇಡ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ಕೋಣೆ ಕೇಳಿ. ಅಲ್ಲಿ ಓಲಾಟ ಕಡಿಮೆ. ಈಜು ಬರಲೇಬೇಕು ಅಂತಿಲ್ಲ. ಪಂಗಾ ಎಂಬ ಸಣ್ಣ ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಕೂತರೆ ಪೆಂಗ್ವಿನ್ ಕಾಣುತ್ತದೆ. ಕೆಲವು ಕಡೆ ಮೊಣಕಾಲುದ್ದ ನೀರಿಗೆ ಇಳಿದು ದಡ ಸೇರಬೇಕು.

ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು ಅನ್ನುವುದು ಅಲ್ಲಿಯ ನಿಯಮ. ನಿಮ್ಮ ಪಕ್ಕದ ಕಗ್ಗಲಡು ಊರಿನವರು ಹುಣಸೆಮರದ ಕೊಕ್ಕರೆಗಳಿಗೆ ಯಾರೂ ತೊಂದರೆ ಕೊಡದಂತೆ ಕಾಯುತ್ತಾರೆ, ಅಲ್ವಾ? ಅದೇ ಎಚ್ಚರ ಅಲ್ಲೂ ಬೇಕು. ಹಣ್ಣು, ಬೀಜ, ಸೊಪ್ಪು ಒಯ್ಯಬೇಡಿ. ಹಿಂದೆ ಹೊರಗಿನಿಂದ ತಂದ ಆಡುಗಳು ಆಮೆಗಳ ಮೇವನ್ನೇ ಮುಗಿಸಿದ್ದವು. ಅದಕ್ಕೇ ಅಲ್ಲಿ ಚೀಲ ತಪಾಸಣೆ ಇಷ್ಟು ಬಿಗಿ.

ಪ್ರಶ್ನೆ: ನಾವು ಅಲ್ಲಿರುವಾಗಲೇ ಜ್ವಾಲಾಮುಖಿ ಸಿಡಿದರೆ?
– ಅದೇ ಓದುಗರು

ಉತ್ತರ: ಫರ್ನಾಂಡಿನಾ 2024ರ ಮಾರ್ಚ್‌ನಲ್ಲಿ ಸಿಡಿದಿತ್ತು. ಅಲ್ಲಿಯ ಲಾವಾ ತೆಳು, ಹೆಚ್ಚಾಗಿ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಆ ದ್ವೀಪದಲ್ಲಿ ಜನವಸತಿ ಇಲ್ಲ. ನೀವು ಹೋದಾಗ ಹಾಗಾದರೆ ದಡಕ್ಕೆ ಇಳಿಸದೇ ಇರಬಹುದು, ಹಡಗಿನಿಂದಲೇ ನೋಡಿ. ರಾತ್ರಿಯಾದರೆ ಮಗಳನ್ನೂ ಎಬ್ಬಿಸಿ.